ಬಲಗಡೆಗೆ ಬಂದ ಕುದುರೆ

ಹೆಡ್ ಕ್ಲಾರ್ಕ್ ಅಂಗಡಿಗೆ ಬಂದಾಗ ನಾನು ಒಂದು ರಬ್ಬರ್ ಸ್ಟಾಂಪಿಗೆ ಮರದ ಹಿಡಿ ಅಂಟಿಸುತ್ತಿದ್ದೆ. ಅಂಟು ಒಣಗುವ ಮೊದಲು ಕೈ ಬಿಡುವ ಹಾಗಿಲ್ಲ, ಆದ್ದರಿಂದ ಕೂರಿ ಎಂದು ಕಣ್ಣಲ್ಲೇ ಹೇಳಿದೆ. ಅವರು ಕೂರಲಿಲ್ಲ. ಬಂಟ್ವಾಳ ಪೇಟೆಯ ನನ್ನ ಅಂಗಡಿಗೆ ಬರುವವರು ಸಾಮಾನ್ಯವಾಗಿ ಕೂರುವುದಿಲ್ಲ. ಸೀಲು ಬೇಕಾದವರಿಗೆ ಯಾವಾಗಲೂ ಅವಸರ. ಅವರ ಕೈಯಲ್ಲಿ ಒಂದು ಕಂದು ಲಕೋಟೆ ಇತ್ತು.

"ಬ್ಯಾರಿಗಳೇ, ಒಂದು ಕಾಗದ ನೋಡ್ಲಿಕ್ಕುಂಟು. ಇದರಲ್ಲಿರುವ ಸೀಲು ನೀವು ನಮಗೆ ಮಾಡಿ ಕೊಟ್ಟದ್ದಾ ಅಂತ ಹೇಳಬೇಕು."

ಅವರದು ತಾಲೂಕು ಮಟ್ಟದ ಒಂದು ಕಚೇರಿ. ಯಾವುದೆಂದು ಹೇಳುವುದಿಲ್ಲ, ಈ ಕಥೆಯಲ್ಲಿ ಕಚೇರಿಯ ತಪ್ಪು ಕಡಿಮೆ, ನನ್ನದೇ ಹೆಚ್ಚು. ಹದಿನೈದು ವರ್ಷದ ಹಿಂದೆ ಅವರಿಗೆ ಒಂದು ಒತ್ತುವ ಸೀಲು ಕೆತ್ತಿ ಕೊಟ್ಟಿದ್ದೆ. ಶಾಯಿಯ ಸೀಲಲ್ಲ. ಹಿತ್ತಾಳೆಯ ಅಚ್ಚಿಗೂ ಸೀಸದ ಅಚ್ಚಿಗೂ ನಡುವೆ ಕಾಗದ ಇಟ್ಟು ಹಿಡಿ ಅದುಮಿದರೆ ಕಾಗದವೇ ಉಬ್ಬಿ ರಾಜ್ಯದ ಲಾಂಛನ ಎದ್ದು ಬರುತ್ತದೆ. ಜೆರಾಕ್ಸಿನಲ್ಲಿ ಅದು ಕಾಣುವುದಿಲ್ಲ. ಅದಕ್ಕೇ ಅವರು ಮೂಲಪ್ರತಿಯನ್ನೇ ಹಿಡಿದುಕೊಂಡು ಬಂದಿದ್ದರು.

ಅದು ಒಬ್ಬ ಟೀಚರಿನ ಸೇವಾ ಪ್ರಮಾಣಪತ್ರ. ಬೆಳ್ತಂಗಡಿ ಕಡೆಯ ಒಂದು ಸಣ್ಣ ಶಾಲೆಯಲ್ಲಿ ಎಂಟು ವರ್ಷ ಪಾಠ ಮಾಡಿದ್ದಾರೆಂದು ಶಾಲೆಯವರು ಬರೆದುಕೊಟ್ಟದ್ದು, ಕೆಳಗೆ ಕಚೇರಿಯ ಮೇಲುಸಹಿ, ಅದರ ಮೇಲೆ ಸೀಲು. ಟೀಚರಿಗೆ ಗಲ್ಫಿನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿಯವರು ಕಾಗದಪತ್ರ ಪರಿಶೀಲಿಸುವ ಕೆಲಸವನ್ನು ಒಂದು ಸಂಸ್ಥೆಗೆ ವಹಿಸಿದ್ದರು. ಆ ಸಂಸ್ಥೆಯ ಯಾರೋ ಚುರುಕು ಕಣ್ಣಿನವರು, ಈ ಸೀಲಿನಲ್ಲಿರುವ ಲಾಂಛನ ಸರ್ಕಾರದ ಲಾಂಛನದ ಹಾಗಿಲ್ಲ, ನಕಲಿ ಇರಬಹುದು ಎಂದು ಬರೆದಿದ್ದರು. ಶಾಲೆ ಮುಚ್ಚಿ ಹೋಗಿದೆ. ಮೇಲುಸಹಿ ಹಾಕಿದ ಅಧಿಕಾರಿ ತೀರಿಕೊಂಡಿದ್ದಾರೆ. ಆ ವರ್ಷಗಳ ರಿಜಿಸ್ಟರನ್ನು ಒರಲೆ ತಿಂದಿದೆ. ಉಳಿದದ್ದು ಸೀಲು ಒಂದೇ, ಸೀಲಿನ ಬಗ್ಗೆ ಹೇಳಲಿಕ್ಕೆ ಉಳಿದವನು ನಾನೊಬ್ಬನೇ.

ಕೈ ಒರೆಸಿಕೊಂಡು ವಾಚು ರಿಪೇರಿಯವರ ಐಗ್ಲಾಸು ಕಣ್ಣಿಗೆ ಸಿಕ್ಕಿಸಿ, ಕಾಗದವನ್ನು ಬೆಳಕಿಗೆ ಓರೆ ಹಿಡಿದೆ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ಸಿಕ್ಕಿತು. ಸಿಕ್ಕಿದ ಖುಷಿಗೆ ನಾನು ಹೆಡ್ ಕ್ಲಾರ್ಕಿಗೆ ಇಪ್ಪತ್ತು ನಿಮಿಷ ಭಾಷಣ ಮಾಡಿದೆ. ಈಗ ನೆನೆಸಿದರೆ ನಾಚಿಕೆಯಾಗುತ್ತದೆ.

ಆ ಭಾಷಣ ಹೀಗಿತ್ತು. ನಡುವೆ ಇರುವುದು ಎರಡು ತಲೆಯ ಹಕ್ಕಿ, ಗಂಡಭೇರುಂಡ. ಅದು ಮೈಸೂರು ಅರಸರ ಕಾಲದ್ದು. ಆಚೀಚೆ ನಿಂತದ್ದು ಸಿಂಹದ ಮೈಗೆ ಆನೆಯ ಸೊಂಡಿಲಿರುವ ಪ್ರಾಣಿಗಳು, ಅವೂ ಹಳೆಯವು. ಅರಸರ ಮುದ್ರೆಯಲ್ಲಿ ಮೇಲೆ ಶರಭ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ಶರಭವನ್ನು ಇಳಿಸಿ ಸಾರನಾಥದ ಸಿಂಹಗಳನ್ನು ಕೂರಿಸಿದರು. ನಮ್ಮ ಊರು ಆಗ ಮದ್ರಾಸಿಗೆ ಸೇರಿತ್ತು. ಈ ಹಕ್ಕಿ ನಮ್ಮಲ್ಲಿಗೆ ಬಂದದ್ದೇ ಕಚೇರಿಗಳ ಜೊತೆ. ಸಿಂಹಗಳ ಕಾಲ ಬುಡದಲ್ಲಿ ಒಂದು ಪಟ್ಟಿ ಉಂಟು. ಅದರ ನಡುವೆ ಚಕ್ರ, ನೋಡುವವನ ಎಡಗಡೆ ಕುದುರೆ, ಬಲಗಡೆ ಗೂಳಿ. ಎರಡು ಅಂಗುಲದ ಸೀಲಿನಲ್ಲಿ ಆ ಕುದುರೆ ಎಂದರೆ ಒಂದು ಎಳ್ಳಿನಷ್ಟು.

"ಇದರಲ್ಲಿ ನೋಡಿ ಸಾರ್. ಕುದುರೆ ಬಲಗಡೆ ಉಂಟು, ಗೂಳಿ ಎಡಗಡೆ. ತಿರುಗಿಸಿ ಕೆತ್ತಬೇಕು ಅಂತ ಗೊತ್ತಿಲ್ಲದ ಯಾವನೋ ಮಾಡಿದ್ದು. ನಾನು ಇಂಥ ಕೆಲಸ ಮಾಡುವವನಲ್ಲ."

"ಹಾಗಾದ್ರೆ ಅದನ್ನೇ ಬರೆದು ಕೊಡ್ತೀರಾ?"

ಬರೆದುಕೊಟ್ಟೆ. ಮೂರೇ ಸಾಲು. ಈ ಸೀಲು ನಾನು ತಯಾರಿಸಿದ್ದಲ್ಲ, ಲಾಂಛನದಲ್ಲಿ ಕುದುರೆ ಮತ್ತು ಗೂಳಿ ಅದಲುಬದಲಾಗಿವೆ, ಇದು ನುರಿತವರ ಕೆಲಸವಲ್ಲ. ಸಹಿ ಹಾಕಿ, ಕೆಳಗೆ ನನ್ನ ಅಂಗಡಿಯ ಸೀಲನ್ನೂ ಒತ್ತಿದೆ. ನನ್ನ ಅಭಿಪ್ರಾಯ ಕೇಳಿಕೊಂಡು ಸರ್ಕಾರದವರು ಬಂದದ್ದು ಅದೇ ಮೊದಲು.

ಎರಡು ವಾರ ಕಳೆದ ಮೇಲೆ ಬೆಳ್ತಂಗಡಿ ಬಸ್ಸಿನಿಂದ ಇಳಿದು ಆ ಟೀಚರೇ ಬಂದರು. ನಲವತ್ತು ದಾಟಿದ ಹೆಂಗಸು. ಹೆಗಲಿನ ಚೀಲ ಇಳಿಸದೆ ನಿಂತು, ಯಾರು ಎಂದು ಹೇಳಿದರು. ಗಲಾಟೆ ಮಾಡಲು ಬಂದಿದ್ದಾರೆ ಎಂದುಕೊಂಡೆ. ಅವರು ಗಲಾಟೆ ಮಾಡಲಿಲ್ಲ. ಸ್ಟೂಲು ತೋರಿಸಿದಾಗ ಕೂತರು.

"ಕಾಕ, ನಾನು ಆ ಶಾಲೆಯಲ್ಲಿ ಎಂಟು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟದ್ದು ಸುಳ್ಳಲ್ಲ. ನಾನೇ ಆ ಆಫೀಸಿಗೆ ಹೋಗಿ, ನನ್ನ ಎದುರಿನಲ್ಲೇ ಒತ್ತಿ ಕೊಟ್ಟ ಸೀಲು ಅದು. ಈಗ ನೀವು ಬರೆದದ್ದನ್ನು ಅವರು ಮೇಲೆ ಕಳಿಸಿದ್ದಾರೆ. ಕೆಲಸ ಹೋದರೆ ಹೋಗಲಿ ಹೇಳುವ. ನಕಲಿ ಕಾಗದ ಕೊಟ್ಟವಳು ಅಂತ ನನ್ನ ಹೆಸರು ಒಂದು ಸಲ ಬರೆದಾಗಿ ಹೋದರೆ, ಮತ್ತೆ ಯಾವ ಶಾಲೆಯವರೂ ಒಳಗೆ ಬಿಡುವುದಿಲ್ಲ. ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ."

"ಟೀಚರೇ, ಕಂಡದ್ದನ್ನು ಬರೆದೆ ನಾನು."

"ಹೌದು. ಹಾಗಾದ್ರೆ ಇದನ್ನೂ ನೋಡಿ."

ಚೀಲದಿಂದ ಕಚೇರಿಯಿಂದ ಮರಳಿ ಪಡೆದ ತಮ್ಮ ಕಾಗದವನ್ನೂ ಬೇರೆಯವರ ಐದು ಪ್ರಮಾಣಪತ್ರಗಳನ್ನೂ ತೆಗೆದು ಮೇಜಿನ ಮೇಲಿಟ್ಟರು. ಐದೂ ಮೂಲಪ್ರತಿ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿದ್ದವು. ಎರಡು ಅವರ ಜೊತೆ ಕೆಲಸ ಮಾಡಿದವರದ್ದು. ಮೂರು ಬೇರೆ ಬೇರೆ ಶಾಲೆಯವರದ್ದು, ಒಂದು ಸಿದ್ಧಕಟ್ಟೆಯ ಕಡೆಯಿಂದ ತಂದದ್ದು. ಎರಡು ವಾರವೆಲ್ಲ ಅವರು ಊರೂರು ತಿರುಗಿ, ಪರಿಚಯದವರ ಕಪಾಟು ತೆರೆಸಿ ಇಷ್ಟನ್ನು ಕೂಡಿಸಿದ್ದರು. ಗಣಿತದ ಟೀಚರು, ಬಿಡುವ ಪೈಕಿ ಅಲ್ಲ.

ಐಗ್ಲಾಸು ಸಿಕ್ಕಿಸಿ ನೋಡಿದೆ. ಮೊದಲನೆಯದರಲ್ಲಿ ಕುದುರೆ ಬಲಗಡೆ. ಎರಡನೆಯದರಲ್ಲೂ ಬಲಗಡೆ. ಐದರಲ್ಲಿಯೂ ಬಲಗಡೆ. ಮತ್ತೊಂದನ್ನೂ ಕಂಡೆ, ಮೊದಲ ಸಲ ಭಾಷಣದ ಅವಸರದಲ್ಲಿ ಕಾಣದೆ ಹೋದದ್ದು: ಹಕ್ಕಿಯ ಬಾಲದಲ್ಲಿ ನಡುವಿನ ಗರಿಯಿಂದ ಬಲಕ್ಕೆ ಮೂರನೆಯದು ಉಳಿದವುಗಳಿಗಿಂತ ಒಂದು ಕೂದಲಿನಷ್ಟು ಉದ್ದ. ಆರು ಕಾಗದದಲ್ಲಿ ಆರು ಮಂದಿ ಕಳ್ಳರು ಒಂದೇ ಗರಿಯನ್ನು ಉದ್ದ ಮಾಡುವುದಿಲ್ಲ. ಸೀಲು ಒಂದೇ. ಅದು ಕಚೇರಿಯ ಮೇಜಿನ ಮೇಲೆಯೇ ಇದ್ದ ಸೀಲು.

"ಎಂತ ಕಾಣ್ತದೆ ಕಾಕ?"

"ಸ್ವಲ್ಪ ಸಮಯ ಕೊಡಿ" ಎಂದೆ.

ಅವರು ಹೋದ ಮೇಲೂ ನನ್ನ ಮನಸ್ಸು ಒಪ್ಪಲಿಲ್ಲ. ಯಾರೋ ನನ್ನ ಅಚ್ಚನ್ನು ತೆಗೆದು ಬೇರೆ ಅಚ್ಚು ಸೇರಿಸಿದ್ದಾರೆ ಎಂದುಕೊಂಡೆ. ಮನುಷ್ಯ ತನ್ನ ತಪ್ಪನ್ನು ಇಡಲಿಕ್ಕೆ ಎಲ್ಲೆಲ್ಲ ಜಾಗ ಹುಡುಕುತ್ತಾನೆ. ಮರುದಿನ ಅಂಗಡಿ ಮುಚ್ಚಿ ಕಚೇರಿಗೆ ಹೋದೆ. ಹಳೆಯ ಸೀಲಿನ ಅಚ್ಚು ತೋರಿಸಿ ಎಂದು ಹೆಡ್ ಕ್ಲಾರ್ಕಿನಲ್ಲಿ ಕೇಳಿದೆ.

"ಅದು ಎಲ್ಲುಂಟು ಮಾರಾಯ್ರೆ? ಆರೇಳು ವರ್ಷ ಬಳಸಿದ ಮೇಲೆ ಹೊಸತು ಬಂತು, ಹಳತನ್ನು ನಿಯಮದ ಪ್ರಕಾರ ಅಡ್ಡ ಗೆರೆ ಹೊಡೆದು ಗುಜರಿಗೆ ಹಾಕಿ ಆಗಿದೆ. ಅದಕ್ಕೆಲ್ಲ ಆರ್ಡರ್ ಉಂಟು."

ನನ್ನ ಬಳಿಯೂ ಅದರ ಒತ್ತು ಇರಲಿಲ್ಲ. ಇರದ ಹಾಗೆ ಮಾಡಿದವನೂ ನಾನೇ. ನನಗೆ ಕೆಲಸ ಕಲಿಸಿದವರು ಮೂಡುಬಿದಿರೆಯ ಒಬ್ಬ ಆಚಾರ್ಯರು. ಸೀಲು ಮುಗಿದ ಮೇಲೆ ಅರಗನ್ನು ಬಿಸಿ ಮಾಡಿ ಬಿಲ್ಲೆ ತಟ್ಟಿ, ಅದರ ಮೇಲೆ ಅಚ್ಚನ್ನು ಒತ್ತಿ, ಸೀಲಿನವರಿಗೆ ತೋರಿಸಬೇಕು; ಅವರು ಒಪ್ಪಿದ ಕೂಡಲೇ ಅವರ ಎದುರೇ ಬಿಲ್ಲೆಯನ್ನು ಒಡೆಯಬೇಕು. ಕೆತ್ತಿದವನ ಮನೆಯಲ್ಲಿ ಬೇರೆಯವರ ಮುದ್ರೆ ಇರಬಾರದು. ಇದು ಆಚಾರ್ಯರ ಮನೆಯ ರೀತಿ, ನಾನೂ ತಪ್ಪದೆ ನಡೆಸಿಕೊಂಡು ಬಂದದ್ದು. ಆಗಿನ ಅಧಿಕಾರಿ ಬಿಲ್ಲೆಯನ್ನು ಕೈಯಲ್ಲಿ ಹಿಡಿದು, ಹಕ್ಕಿ ಚೆನ್ನಾಗಿ ಬಂದಿದೆ ಎಂದಿದ್ದರು. ಅಕ್ಷರಗಳನ್ನು ಒಂದೊಂದಾಗಿ ಓದಿದ್ದರು. ಕುದುರೆಯನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಸುತ್ತಿಗೆಯ ಒಂದೇ ಪೆಟ್ಟಿಗೆ ಬಿಲ್ಲೆ ಪುಡಿಯಾಯಿತು.

ಉಳಿದ ದಾರಿ ಒಂದೇ. ಆ ಸೀಲನ್ನು ನಾನು ಕೆತ್ತಿದ್ದು ಆಚಾರ್ಯರ ಮನೆಯಲ್ಲಿ. ನನ್ನ ಅಂಗಡಿಯಲ್ಲಿ ಆಗ ಅಷ್ಟು ಬೆಳಕಿರಲಿಲ್ಲ. ಲಾಂಛನವನ್ನು ಬಟರ್ ಪೇಪರಿನ ಮೇಲೆ ಇಳಿಸಿಕೊಂಡದ್ದೂ ಅಲ್ಲಿಯೇ. ಆಚಾರ್ಯರು ಮುದ್ರೆಯ ಬಿಲ್ಲೆ ಒಡೆದರೂ ಬಟರ್ ಪೇಪರನ್ನು ಎಸೆದವರಲ್ಲ.

ಸಿದ್ಧಕಟ್ಟೆಯ ಮೇಲಿನಿಂದ ಹೋಗುವ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋದೆ. ತಿರುವುಗಳಲ್ಲಿ ಸೊಂಟ ನೋಯುತ್ತಿತ್ತು. ಮೊದಲು ಇದೇ ದಾರಿಯಲ್ಲಿ ವಾರಕ್ಕೆ ಆರು ದಿನ ಹೋಗಿ ಬರುತ್ತಿದ್ದವನು ನಾನು. ಆಚಾರ್ಯರಿಗೆ ಈಗ ಎಂಬತ್ತರ ಮೇಲೆ. ಕಣ್ಣು ಪೂರ್ತಿ ಹೋಗಿದೆ. ಜಗಲಿಯಲ್ಲಿ ಕೂತಿದ್ದವರು ನನ್ನ ಚಪ್ಪಲಿಯ ಸದ್ದಿಗೇ, "ಬ್ಯಾರಿ ಬಂದನಾ? ಒಳಗೆ ಬಾ" ಎಂದರು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ವಿಷಯ ಹೇಳಿದೆ. ಅವರು ಮಗಳನ್ನು ಕರೆದು ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಗಳನ್ನು ಇಳಿಸಲು ಹೇಳಿದರು. ನಾಲ್ಕು ಡಬ್ಬ. ಒಂದೊಂದು ಹಾಳೆ ತೆಗೆದು ಬಿಡಿಸಿ ನೋಡುತ್ತ ಹೋದೆ. ಬಾಗಿಲುವಾಡದ ಬಳ್ಳಿ, ದೀಪದ ಹಂಸ, ಮದುವೆಯ ಪಾತ್ರೆಗೆ ಕೆತ್ತಿದ ಹೆಸರುಗಳು, ಬಸದಿಯ ಕಂಬದಿಂದ ಇಳಿಸಿಕೊಂಡ ಸೊಂಡಿಲಿನ ಸಿಂಹ. ಆಚಾರ್ಯರ ಕೈ, ನನ್ನ ಕೈ, ಅವರ ತಂದೆಯ ಕೈ ಎಲ್ಲ ಬೆರೆತು ಹೋಗಿದ್ದವು. ಮೂರು ಡಬ್ಬ ಮುಗಿಯುವಾಗ ಮಧ್ಯಾಹ್ನದ ನಮಾಜಿನ ಹೊತ್ತಾಯಿತು. ಪಳ್ಳಿಗೆ ಹೋಗಿ ಬಂದು ನಾಲ್ಕನೆಯದನ್ನು ತೆರೆದೆ.

ಅದರಲ್ಲಿತ್ತು. ಎರಡು ಹಾಳೆ, ಒಂದು ಅಕ್ಷರದ್ದು, ಒಂದು ಲಾಂಛನದ್ದು, ದಾರ ಕಟ್ಟಿ ಒಟ್ಟಿಗೆ ಸುತ್ತಿಟ್ಟದ್ದು. ಮೂಲೆಯಲ್ಲಿ ಕಚೇರಿಯ ಹೆಸರು, ನನ್ನ ಅಕ್ಷರದಲ್ಲಿ.

ಇಲ್ಲಿ ಸ್ವಲ್ಪ ಕೆಲಸದ ಕ್ರಮ ಹೇಳಬೇಕು. ಸೀಲಿನ ಅಚ್ಚಿನಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರಬೇಕು, ಆಗ ಕಾಗದದ ಮೇಲೆ ಸರಿಯಾಗಿ ಬರುತ್ತದೆ. ಹಿತ್ತಾಳೆಯ ಬಿಲ್ಲೆಯನ್ನು ಅರಗಿನಲ್ಲಿ ಕೂರಿಸಿ, ಮೇಲೆ ಬಿಳಿ ಬಣ್ಣ ತೆಳುವಾಗಿ ಬಳಿಯುತ್ತೇವೆ. ಬಟರ್ ಪೇಪರಿನ ಪೆನ್ಸಿಲ್ ಗೆರೆಯ ಮುಖವನ್ನು ಕೆಳಗೆ ಮಾಡಿ ಅದರ ಮೇಲಿಟ್ಟು ಬೆನ್ನನ್ನು ಉಜ್ಜಿದರೆ ಗೆರೆಗಳು ಉಲ್ಟಾ ಆಗಿ ಇಳಿಯುತ್ತವೆ. ಆ ಗೆರೆಯ ಮೇಲೆ ಉಳಿ ನಡೆಸುವುದು. ಅಕ್ಷರದ ಹಾಳೆಯಲ್ಲಿ ನಾನು ಹಾಗೆಯೇ ಮಾಡಿದ್ದೆ: ಪೆನ್ಸಿಲಿನ ಮುಖಕ್ಕೆ ಬಿಳಿ ಬಣ್ಣ ಹತ್ತಿತ್ತು, ಬೆನ್ನು ಉಜ್ಜಿ ಹೊಳೆಯುತ್ತಿತ್ತು.

ಲಾಂಛನದ ಹಾಳೆಯಲ್ಲಿ ಬಿಳಿ ಬಣ್ಣ ಹತ್ತಿದ್ದು ಬೆನ್ನಿಗೆ. ಬೆನ್ನಿಗೆ ಕೆಮ್ಮಣ್ಣಿನ ಪುಡಿಯೂ ಬಳಿದಿತ್ತು. ಪೆನ್ಸಿಲಿನ ಮುಖದಲ್ಲಿ ಮೊಂಡು ಸೂಜಿ ಓಡಿಸಿದ ಗೀರುಗಳು. ಎಂದರೆ ಹಾಳೆಯನ್ನು ಮಗುಚದೆ, ಮುಖ ಮೇಲೆಯೇ ಇಟ್ಟು, ಸೂಜಿಯಲ್ಲಿ ಗೆರೆ ತಿದ್ದಿ ಕೆಂಪನ್ನು ಕೆಳಗೆ ಇಳಿಸಿದ್ದೆ. ಹಾಗೆ ಮಾಡಿದರೆ ಸಣ್ಣ ಗೆರೆ ಚೂಪಾಗಿ ಬರುತ್ತದೆ, ಅದಕ್ಕೇ ಮಾಡಿದ್ದು. ಹಾಗೆ ಮಾಡಬಹುದು ಎಂದು ಯಾಕೆ ಧೈರ್ಯ ಬಂತು ಎಂದೂ ನೆನಪಾಯಿತು. ಪಾತ್ರೆಗೆ, ಬಾಗಿಲಿಗೆ ಎರಡು ತಲೆಯ ಹಕ್ಕಿ ಕೆತ್ತುವಾಗೆಲ್ಲ ನಾವು ಅದನ್ನು ಮಗುಚುತ್ತಿರಲಿಲ್ಲ. ಎಡ ಬಲ ಎರಡೂ ಒಂದೇ ಇರುವುದನ್ನು ಮಗುಚಿ ಎಂತ ಮಾಡುವುದು? ಹಕ್ಕಿಯ ಲೆಕ್ಕದಲ್ಲಿ ಅದು ಸರಿ. ತಲೆಯ ಮೇಲೆ ಸಿಂಹಗಳ ಜೊತೆ ಬಂದು ಕೂತ ಆ ಕುದುರೆ ಗೂಳಿಗಳು ಎಡ ಬಲ ಇರುವ ನೆಂಟರು ಎಂದು ನಮ್ಮ ಕೈಗೆ ಗೊತ್ತಿರಲಿಲ್ಲ.

ಹಾಳೆ ತೊಡೆಯ ಮೇಲಿಟ್ಟುಕೊಂಡು ಕೂತೆ. ನುರಿತವರ ಕೆಲಸವಲ್ಲ ಎಂದು ಬರೆದುಕೊಟ್ಟಿದ್ದೆನಲ್ಲ! ನುರಿತವನೇ ಮಾಡುವ ತಪ್ಪು ಅದು. ಹೊಸಬನಾಗಿದ್ದರೆ ಹೆದರಿ ಎಲ್ಲವನ್ನೂ ಮಗುಚುತ್ತಿದ್ದ.

"ಸಿಕ್ಕಿತಾ?" ಎಂದರು ಆಚಾರ್ಯರು.

"ಸಿಕ್ಕಿತು ಆಚಾರ್ರೆ. ನಾನೇ."

"ಹಕ್ಕಿಗೆ ಎಡ ಬಲ ಇಲ್ಲ, ಮಗುಚಬೇಡ ಅಂತ ನಿನಗೆ ಕಲಿಸಿದ್ದು ನಾನಲ್ವಾ?" ಅವರು ಕೈ ಚಾಚಿ ಹಾಳೆಯನ್ನು ಮುಟ್ಟಿದರು. "ನನ್ನ ಹೆಸರು ಹೇಳು ಮಾರಾಯ. ಆಚಾರ್ರು ಕೆತ್ತಿದ್ದು, ಆಚಾರ್ರು ತಪ್ಪಿದ್ದು ಅಂತ ಬರೆದು ಕೊಡು. ನನಗೆ ಇನ್ನು ಯಾರು ಕೆಲಸ ಕೊಡ್ಲಿಕ್ಕುಂಟು? ನಿನಗೆ ಅಂಗಡಿ ಉಂಟು."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಸತ್ಯ ಹೇಳಬೇಕೆಂದರೆ ಮನೆಗೆ ಮರಳುವ ಬಸ್ಸಿನಲ್ಲಿ ಅರ್ಧ ದಾರಿಯವರೆಗೂ ನಾನು ಅದನ್ನೇ ಲೆಕ್ಕ ಹಾಕುತ್ತಿದ್ದೆ. ಕಣ್ಣಿಲ್ಲದ ಮುದುಕರನ್ನು ಯಾವ ಸರ್ಕಾರವೂ ಪ್ರಶ್ನೆ ಮಾಡುವುದಿಲ್ಲ. ಟೀಚರಿಗೂ ಅನುಕೂಲವಾಗುತ್ತದೆ, ನನಗೂ ಆಗುತ್ತದೆ. ಸಿದ್ಧಕಟ್ಟೆಯಲ್ಲಿ ಬಸ್ಸು ನಿಂತಾಗ ಆ ಐದು ಕಾಗದಗಳಲ್ಲಿ ಒಂದು ಈ ಊರಿನದ್ದೆಂದು ನೆನಪಾಯಿತು. ಕಪಾಟಿನಲ್ಲಿ ಪ್ಲಾಸ್ಟಿಕ್ ಹಾಕಿ ಅದನ್ನು ಕಾಪಾಡಿದವರು ಯಾರೋ ಇಲ್ಲಿಯೇ ಇದ್ದಾರೆ. ನನಗೆ ಅಸಹ್ಯವಾಯಿತು, ನನ್ನ ಮೇಲೆಯೇ. ಕಲಿಸಿದವರ ಹೆಗಲ ಮೇಲೆ ಇದನ್ನು ಇಳಿಸುವುದಿಲ್ಲ ಎಂದು ಅಲ್ಲಿಯೇ ತೀರ್ಮಾನಿಸಿದೆ. ತೀರ್ಮಾನ ಮಾಡಿದ್ದಕ್ಕೆ ಹಗುರವೇನೂ ಆಗಲಿಲ್ಲ, ಸುಸ್ತು ಮಾತ್ರ ಹೆಚ್ಚಾಯಿತು.

ಹೆಡ್ ಕ್ಲಾರ್ಕಿಗೆ ವಿಷಯ ಹೇಳಿದಾಗ ಅವರು ನನ್ನನ್ನು ಕಚೇರಿಯ ಹೊರಗಿನ ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಚಹಾ ತರಿಸಿ ದನಿ ತಗ್ಗಿಸಿದರು.

"ಬ್ಯಾರಿಗಳೇ, ನಿಮಗೆ ಈ ಉಸಾಬರಿ ಎಂತದಕ್ಕೆ? ಒಂದು ಸಲ ಅಲ್ಲ ಅಂತ ಬರೆದು ಆಗಿದೆ. ಈಗ ಹೌದು ಅಂತ ಬರೆದರೆ ಆರೇಳು ವರ್ಷ ನಮ್ಮ ಆಫೀಸು ತಪ್ಪು ಲಾಂಛನ ಒತ್ತಿದ ಹಾಗಾಗ್ತದೆ. ಮೇಲಿನಿಂದ ಪ್ರಶ್ನೆ ಬರ್ತದೆ. ನಾನು ಬರುವ ವರ್ಷ ರಿಟೈರ್ ಆಗುವವ."

"ಒತ್ತಿದ್ದು ಹೌದಲ್ವಾ ಸಾರ್?"

"ಹೌದು. ಆದರೆ ಯಾರಿಗೂ ಗೊತ್ತಿರಲಿಲ್ಲ."

"ಟೀಚರಿಗೆ ಗೊತ್ತಾಯಿತಲ್ಲ. ಅವರ ಹೊಟ್ಟೆಯ ಮೇಲೆ ಹೊಡೆದೇ ಗೊತ್ತಾದದ್ದು."

ಅವರು ಚಹಾ ಕುಡಿದು ಮುಗಿಸಿದರು. ಕೆಟ್ಟ ಮನುಷ್ಯರಲ್ಲ. ಕೊನೆಗೆ, "ಮೇಡಂ ಗುರುವಾರ ಇರ್ತಾರೆ. ಹತ್ತೂವರೆಗೆ ಬನ್ನಿ. ನಾನು ಹೇಳಿದ್ದು ಅಂತ ಹೇಳಬೇಡಿ" ಎಂದರು.

ಮೇಡಂ ಎಂದರೆ ಈಗಿನ ಅಧಿಕಾರಿ, ಬೆಂಗಳೂರು ಕಡೆಯವರು, ನನ್ನ ಮಗಳ ಪ್ರಾಯ. ಗುರುವಾರ ನಾನೂ ಟೀಚರೂ ಹೋಗಿ ಹೊರಗಿನ ಬೆಂಚಿನಲ್ಲಿ ಒಂದೂವರೆಯವರೆಗೆ ಕೂತೆವು. ವಿಡಿಯೋ ಮೀಟಿಂಗ್ ಎಂದರು. ಮೂಡುಬಿದಿರೆಯ ಹಾಳೆಯ ವಿಷಯ ಹೇಳಿದಾಗ ಟೀಚರು ತಲೆ ಆಡಿಸಿದರು, ಅಷ್ಟೇ. ನಾನು ಮೂರು ಸಲ ಕ್ಷಮಿಸಿ ಎಂದು ಹೇಳಲು ಬಾಯಿ ತೆರೆದು ಮುಚ್ಚಿದೆ.

ಒಳಗೆ ಕರೆದಾಗ ಮೇಡಂ ನನ್ನ ಮೂರು ಸಾಲಿನ ಕಾಗದವನ್ನೇ ಮೇಜಿನ ಮೇಲೆ ಇಟ್ಟುಕೊಂಡಿದ್ದರು.

"ಒಂದು ತಿಂಗಳ ಹಿಂದೆ ಅಲ್ಲ ಅಂದ್ರಿ. ಈಗ ಹೌದು ಅಂತೀರಿ. ನಾನು ಯಾವುದನ್ನ ನಂಬಲಿ?"

"ಯಾವುದನ್ನೂ ನಂಬಬೇಡಿ ಮೇಡಂ. ನೋಡಿ."

ಕಿಟಕಿಯ ಗಾಜಿಗೆ ಟೀಚರಿನ ಪ್ರಮಾಣಪತ್ರವನ್ನು ಒತ್ತಿ ಹಿಡಿದೆ. ಹೊರಗಿನ ಬಿಸಿಲಿಗೆ ಸೀಲು ಎದ್ದು ಕಂಡಿತು. ಅದರ ಮೇಲೆ ಬಟರ್ ಪೇಪರನ್ನು ಇಟ್ಟೆ. ಹಕ್ಕಿಯ ತಲೆ, ರೆಕ್ಕೆ, ಆಚೀಚೆಯ ಸೊಂಡಿಲಿನ ಸಿಂಹ ಸರಿಯಾಗಿ ಕೂತವು. ಆದರೆ ಹಾಳೆಯಲ್ಲಿ ಕುದುರೆ ಎಡಗಡೆ, ಸೀಲಿನಲ್ಲಿ ಬಲಗಡೆ. ಹಾಳೆಯಲ್ಲಿ ಬಾಲದ ಉದ್ದದ ಗರಿ ಎಡಗಡೆ, ಸೀಲಿನಲ್ಲಿ ಬಲಗಡೆ. ಆಮೇಲೆ ಬಟರ್ ಪೇಪರನ್ನು ಮಗುಚಿ ಮತ್ತೆ ಇಟ್ಟೆ. ಎಲ್ಲವೂ ಒಂದರ ಮೇಲೊಂದು ಕೂತಿತು. ಕುದುರೆಯ ಮೇಲೆ ಕುದುರೆ, ಗೂಳಿಯ ಮೇಲೆ ಗೂಳಿ, ಗರಿಯ ಮೇಲೆ ಗರಿ.

"ಈ ಉದ್ದದ ಗರಿ ಸರ್ಕಾರದ ಚಿತ್ರದಲ್ಲಿಲ್ಲ ಮೇಡಂ. ಅದು ನನ್ನ ಪೆನ್ಸಿಲು ಜಾರಿದ್ದು. ಹಾಳೆಯನ್ನು ಮಗುಚಿ ಇಳಿಸಬೇಕಿತ್ತು, ನಾನು ಮಗುಚಲಿಲ್ಲ. ಸೀಲು ನಿಮ್ಮ ಆಫೀಸಿನದ್ದೇ. ತಪ್ಪು ನನ್ನದು."

ಮೇಡಂ ಎದ್ದು ಬಂದು ತಾವೇ ಹಾಳೆ ಹಿಡಿದು ಎರಡು ಸಲ ಮಗುಚಿ ನೋಡಿದರು. ಮತ್ತೆ ಟೀಚರು ತಂದಿದ್ದ ಉಳಿದ ಐದನ್ನೂ ಒಂದೊಂದಾಗಿ ಗಾಜಿಗೆ ಹಿಡಿಸಿದರು. ಅಷ್ಟರಲ್ಲಿ ನನ್ನ ತೋಳು ಸೋತಿತ್ತು. ಟೀಚರು ಕಾಗದದ ಇನ್ನೊಂದು ತುದಿಯನ್ನು ಹಿಡಿದುಕೊಂಡರು.

"ಸರಿ" ಎಂದರು ಮೇಡಂ. "ಇದನ್ನೆಲ್ಲ ಅಫಿದಾವಿತ್ ಮಾಡಿ ಕೊಡಿ. ಈ ಶೀಟ್ ಫೈಲಲ್ಲಿ ಇರುತ್ತೆ. ಒಂದು ಮಾತು, ನಿಮಗೆ ಇನ್ನು ಆಫೀಸಿನ ಕೆಲಸ ಕೊಡೋದು ಕಷ್ಟ ಆಗುತ್ತೆ. ಬೇರೆ ಆಫೀಸಿನವರೂ ಕೇಳ್ತಾರೆ."

"ಗೊತ್ತುಂಟು ಮೇಡಂ."

ಗೊತ್ತಿದ್ದರೂ ಕೇಳಿದಾಗ ಎದೆಗೆ ತಾಗಿತು. ಪಾತ್ರೆಯ ಮೇಲೆ ಹೆಸರು ಕೆತ್ತುವವನು ಸರ್ಕಾರದ ಹಕ್ಕಿಯನ್ನು ಕೆತ್ತುವಲ್ಲಿಯವರೆಗೆ ಬಂದದ್ದು ನನ್ನ ಜೀವನದ ದೊಡ್ಡ ಸಂಗತಿಯಾಗಿತ್ತು. ಅದು ಆ ಕಿಟಕಿಯ ಬಳಿ ಮುಗಿಯಿತು.

ಅಫಿದಾವಿತು ಮಾಡಿಸಲು ಎರಡು ದಿನ ಹೋಯಿತು. ವಕೀಲರು ಬರೆದ ಭಾಷೆಯಲ್ಲಿ ನನ್ನ ತಪ್ಪು ಯಾರದೋ ತಪ್ಪಿನ ಹಾಗೆ ಕಂಡಿತು. ಅಜಾಗರೂಕತೆಯಿಂದ ಸಂಭವಿಸಿದ ತಾಂತ್ರಿಕ ವ್ಯತ್ಯಾಸ ಎಂದಿತ್ತು. ಅದನ್ನು ಹೊಡೆದುಹಾಕಿಸಿ, ನಾನು ಹಾಳೆಯನ್ನು ಮಗುಚಲಿಲ್ಲ ಎಂದು ಬರೆಯಿಸಿದೆ. ವಕೀಲರಿಗೆ ಅದು ರುಚಿಸಲಿಲ್ಲ. ಅಲ್ಲಿಂದ ಕಚೇರಿ, ಕಚೇರಿಯಿಂದ ಮೇಲಿನ ಕಚೇರಿ, ಅಲ್ಲಿಂದ ಆ ಪರಿಶೀಲನೆಯ ಸಂಸ್ಥೆ. ಪ್ರತಿ ವಾರ ಹೆಡ್ ಕ್ಲಾರ್ಕಿನಲ್ಲಿ ಕೇಳುವುದು, ಪ್ರತಿ ವಾರ ಅವರು ಹೋಗಿದೆ, ಬರಲಿಕ್ಕುಂಟು ಎನ್ನುವುದು. ತಪ್ಪು ಮಾಡಲು ನನಗೆ ಬೇಕಾದದ್ದು ಒಂದು ಮಧ್ಯಾಹ್ನ. ತಿದ್ದಲು ಒಂದು ಇಡೀ ಮಳೆಗಾಲ.

ಉತ್ತರ ಬಂದಾಗ ಟೀಚರಿಗೆ ಸಿಕ್ಕಿದ್ದ ಕೆಲಸ ಬೇರೆಯವರ ಪಾಲಾಗಿತ್ತು. ಹೆಸರಿಗೆ ಅಂಟಿದ್ದ ಕಳಂಕ ಮಾತ್ರ ಹೋಗಿತ್ತು: ಪ್ರಮಾಣಪತ್ರ ಅಸಲಿ, ಸಂಶಯ ಹಿಂತೆಗೆದುಕೊಳ್ಳಲಾಗಿದೆ ಎಂದು ಬರೆದಿದ್ದರು. ಆ ವರ್ಷವೆಲ್ಲ ಅವರು ಮಿಜಾರಿನ ಬಳಿ ಯಾರದೋ ಬದಲಿಗೆ ತಾತ್ಕಾಲಿಕವಾಗಿ ಪಾಠ ಮಾಡಿದರು. ಮರುವರ್ಷ ಬೇರೊಂದು ಶಾಲೆಯಿಂದ ಕರೆ ಬಂತು. ಹೊರಡುವ ಮೊದಲು ಅಂಗಡಿಗೆ ಬಂದು ಹೇಳಿ ಹೋದರು. ಈ ಸಲ ಚೀಲ ಇಳಿಸಿ, ಕೇಳದೆಯೇ ಕೂತರು. ಚಹಾ ತರಿಸಿದೆ, ಕುಡಿದರು. ಆಗಲಾದರೂ ಬಾಯಿ ಬಿಟ್ಟೆ.

"ಟೀಚರೇ, ನನ್ನಿಂದ ನಿಮಗೆ ಒಂದು ವರ್ಷ ಹೋಯಿತು. ಕ್ಷಮಿಸಬೇಕು."

ಅವರು ಲೋಟ ಕೆಳಗಿಟ್ಟರು. "ಕೆತ್ತುವಾಗ ತಪ್ಪಿದ್ದಕ್ಕೆ ನನಗೆ ಬೇಸರ ಇಲ್ಲ ಕಾಕ. ಲೆಕ್ಕದಲ್ಲಿ ತಪ್ಪದ ಮಕ್ಕಳನ್ನು ನಾನು ನೋಡಿಲ್ಲ, ನಾನೂ ತಪ್ಪಿದ್ದೇನೆ. ಆದರೆ ಆ ದಿನ ನನ್ನ ಕಾಗದವನ್ನು ನೀವು ಇನ್ನೊಂದು ಐದು ನಿಮಿಷ ನೋಡಬಹುದಿತ್ತು."

ಅವರು ಹೋಗಿ ಬರ್ತೇನೆ ಎಂದು ಎದ್ದು ಬಸ್ಸಿಗೆ ಹೋದರು.

ಸುದ್ದಿ ನಿಧಾನವಾಗಿ ಹರಡಿತು. ಆ ಆರೇಳು ವರ್ಷಗಳಲ್ಲಿ ಆ ಕಚೇರಿಯಿಂದ ಕಾಗದ ಮಾಡಿಸಿಕೊಂಡವರು ಈಗ ಒಬ್ಬೊಬ್ಬರಾಗಿ ನನ್ನ ಅಂಗಡಿಗೆ ಬರುತ್ತಾರೆ. ಬೆಳ್ತಂಗಡಿಯಿಂದ, ಮೂಡುಬಿದಿರೆಯಿಂದ, ಗಲ್ಫಿನಿಂದ ರಜೆಯಲ್ಲಿ ಬಂದವರು, ಬ್ಯಾರಿಗಳು, ಬಂಟರು, ಎಲ್ಲರೂ. ಮುಂದೆ ಯಾವತ್ತಾದರೂ ಯಾರಾದರೂ ಕೇಳಿದರೆ ತೋರಿಸಲಿಕ್ಕೆ ಇರಲಿ, ಒಂದು ಸಾಲು ಬರೆದು ಕೊಡಿ ಎನ್ನುತ್ತಾರೆ. ಸರ್ಕಾರದವರು ಬರುವುದು ನಿಂತ ಮೇಲೆ ನನಗೂ ಪುರುಸೊತ್ತುಂಟು.

ಮೊದಮೊದಲು ಬರೆದು ಬರೆದು ಬೆರಳು ನೋಯತೊಡಗಿದಾಗ ಒಂದು ರಬ್ಬರ್ ಸ್ಟಾಂಪು ಮಾಡಿಕೊಂಡೆ. "ಈ ಸೀಲು ನಾನು ಕೆತ್ತಿದ್ದು. ಕುದುರೆ ಗೂಳ ಅದಲುಬದಲಾದದ್ದು ನನ್ನ ತಪ್ಪು. ಕಾಗದ ಅಸಲಿ." ಸೀಲು ಮಾಡುವವನಿಗೆ ಅದೇನು ದೊಡ್ಡ ಕೆಲಸ? ಒತ್ತಿ ನೋಡಿದಾಗ ಎರಡನೆಯ ಸಾಲಿನಲ್ಲಿ ಗೂಳಿಯ ಗುಡಿಸು ಬಿಟ್ಟುಹೋಗಿತ್ತು. ಬಹಳ ಹೊತ್ತು ಅದನ್ನೇ ನೋಡಿ ಕೂತೆ, ನಗುವುದೋ ಅಳುವುದೋ ತಿಳಿಯಲಿಲ್ಲ. ಇನ್ನೊಂದು ಮಾಡಬಹುದಿತ್ತು, ಮಾಡಲಿಲ್ಲ. ಸ್ಟಾಂಪು ಒತ್ತಲು ಎದುರಿಗಿರುವ ಕಾಗದವನ್ನು ನೋಡಬೇಕಾಗಿಯೇ ಇಲ್ಲ.

ಈಗ ಕೈಯಲ್ಲೇ ಬರೆಯುತ್ತೇನೆ. ಬಂದವರನ್ನು ಸ್ಟೂಲಿನ ಮೇಲೆ ಕೂರಿಸುತ್ತೇನೆ, ಅವಸರ ಇದ್ದವರನ್ನೂ. ಐಗ್ಲಾಸು ಸಿಕ್ಕಿಸಿ, ಕಾಗದವನ್ನು ಬೆಳಕಿಗೆ ಓರೆ ಹಿಡಿದು, ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಆಗುವವರೆಗೆ ನೋಡುತ್ತೇನೆ. ಕುದುರೆ ಬಲಗಡೆಯೇ ಇರುತ್ತದೆ. ಆಮೇಲೆ ಪೆನ್ನು ತೆಗೆಯುತ್ತೇನೆ.